ನಾನು ಬದಲಿಸಿಟ್ಟ ಗುಂಡುಗಳು

ವಿಮಲಾ, ನಿನ್ನ ಬಲ ಮೊಣಕೈಯನ್ನು ಪುಡಿ ಮಾಡಿದ ಗುಂಡನ್ನು ಬಂದೂಕಿಗೆ ತುಂಬಿದವಳು ನಾನು. ಹಾರಿಸಿದ್ದು ನಮ್ಮ ಯಜಮಾನರು — ಅದು ನಿನಗೆ ಗೊತ್ತು, ಪೊಲೀಸರಿಗೆ ಗೊತ್ತು, ಅಮೆರಿಕದ ಈ ಎಡಿಸನ್ನಿನ ನಮ್ಮವರಿಗೆಲ್ಲ ಗೊತ್ತು. ತುಂಬಿದ್ದೂ ಅವರೇ ಎಂದು ಎಲ್ಲರೂ ನಂಬಿದರು. ಅವರೂ ನಂಬಿದರು. ನಾನು ನಂಬಲು ಬಿಟ್ಟೆ.

ಆ ವರ್ಷ ಗೋಡೆಗೆ ಗೋಡೆ ಅಂಟಿಕೊಂಡ ನಮ್ಮ ಸಾಲಿನ ಟೌನ್‌ಹೌಸುಗಳಿಗೆ ಕಳ್ಳರು ಹಗಲಿನಲ್ಲೇ ನುಗ್ಗುತ್ತಿದ್ದರು. ಗಂಡಸರೆಲ್ಲ ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಿದ್ಧಪಡಿಸುವ ವೈಟೂಕೆ ಕೆಲಸವೆಂದು ಬೆಳಿಗ್ಗೆಯೇ ರೈಲು ಹತ್ತಿರುತ್ತಿದ್ದರು. ಇಂಡಿಯನ್ನರ ಮನೆಯಲ್ಲಿ ಚಿನ್ನವಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮೂಲೆಮನೆಯ ಆಂಟಿಯ ಬಳೆ ಬಿಚ್ಚಲು ಬಾರದೆ ಮಣಿಕಟ್ಟನ್ನೇ ಮುರಿದು ಎಳೆದುಕೊಂಡು ಹೋದರು. ಅದಾದ ಮೇಲೆ ಇವರು ಕಾರ್ಬೈನ್ ತಂದರು — ಪಿಸ್ತೂಲಿನ ಗುಂಡನ್ನೇ ಹಾರಿಸುವ, ಭುಜಕ್ಕೆ ಆನಿಸುವ ಬಂದೂಕು.

ಗುಂಡು ಕೊಳ್ಳುವಾಗ ನಾನೂ ಜೊತೆಗಿದ್ದೆ. ಅಂಗಡಿಯವನು ಎರಡು ಬಗೆ ತೋರಿಸಿದ. ಒಂದರ ಮೂತಿ ಟೊಳ್ಳು. ಮೈ ಹೊಕ್ಕರೆ ಅರಳಿಕೊಂಡು ಅಲ್ಲೇ ನಿಲ್ಲುತ್ತದೆ, ಮನೆಗೆ ಅದೇ ಸರಿ ಎಂದ. ಇನ್ನೊಂದರ ಮೂತಿ ದುಂಡಗೆ, ಅಭ್ಯಾಸಕ್ಕೆ. ಪಿಸ್ತೂಲಿಗಿಂತ ಉದ್ದದ ಈ ನಳಿಗೆಯಿಂದ ಹೊರಟರೆ ಆಳನ್ನೂ ದಾಟುತ್ತದೆ, ಟೌನ್‌ಹೌಸಿನ ತೆಳು ಗೋಡೆಯನ್ನೂ ದಾಟುತ್ತದೆ ಎಂದ. ಇವರು ಎರಡೂ ಡಬ್ಬಿ ಕೊಂಡು, ಟೊಳ್ಳು ಮೂತಿಯದನ್ನೇ ಮನೆಗೆಂದು ಆರಿಸಿದರು.

"ಅರಳೋದು ಅಂದ್ರೆ ಏನ್ರೀ?" ಕಾರಿನಲ್ಲಿ ಕೇಳಿದೆ.

"ಒಳಗೆಲ್ಲಾ ಹರಿದುಹಾಕತ್ತೆ ಕಣೇ."

"ಅಯ್ಯೋ ಗುರುರಾಯರೇ! ಸಕ್ಕರೆಗೆ ಇರುವೆ ಬಂದ್ರೂ ಬಿಸಿಲಿಗಿಟ್ಟು, ಅವು ಹೋಗೋವರೆಗೂ ಕಾಯೋ ಮನೆ ನಮ್ದು."

"ಹಾಗಾದ್ರೆ ಕಳ್ಳ ಬಂದಾಗ ಕಾಫಿ ಕೊಟ್ಟು ಕೂರಿಸು," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮನೆ ತೊಳೆದು, ಮಡಿಯುಟ್ಟು, ಬಂದೂಕಿಟ್ಟಿದ್ದ ಕ್ಲಾಸೆಟ್ಟಿನ ಬೀಗ ತೆಗೆದೆ. ಇವರು ತುಂಬಿಟ್ಟಿದ್ದ ಟೊಳ್ಳು ಮೂತಿಯ ಹತ್ತು ಗುಂಡುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಹೊರಗೆ ತಳ್ಳಿ, ಅಭ್ಯಾಸದ ಹತ್ತನ್ನು ಅದೇ ಜಾಗಕ್ಕೆ ಒತ್ತಿದೆ. ಉಗುರು ಸೀಳಿತು. ಸಣ್ಣ ತೂತಾಗಿ ದಾಟಿ ಹೋಗಲಿ, ಕಳ್ಳನೂ ಒಬ್ಬ ತಾಯಿಯ ಮಗನೇ — ಅಷ್ಟೇ ಅಂದುಕೊಂಡೆ. ಗೋಡೆಯ ಮಾತು ನೆನಪಿರಲಿಲ್ಲವೇ? ನೆನಪಿತ್ತು, ವಿಮಲಾ. ಗೋಡೆಯಾಚೆ ನಿನ್ನ ಹೊಲಿಗೆ ಮಿಷನ್ನಿನ ಸದ್ದು ಆಗಲೂ ಕೇಳಿಸುತ್ತಿತ್ತು. ಪುಣ್ಯ ಕಟ್ಟಿಕೊಳ್ಳುವ ಆತುರದಲ್ಲಿ ನಿನ್ನನ್ನು ನಾನು —

ಮರುದಿನ ಹನ್ನೊಂದು ಗಂಟೆ. ಪ್ರಾಜೆಕ್ಟ್ ಮುಗಿದು ಇವರು ಮನೆಯಲ್ಲೇ ಇದ್ದರು. ಕಾರು ರಿಪೇರಿಗೆ ಹೋಗಿತ್ತು, ಹಾಗಾಗಿ ಮನೆ ಖಾಲಿಯೆಂದು ಬಂದವನು ಅಂದುಕೊಂಡಿರಬೇಕು. ಹಿಂಬಾಗಿಲ ಗಾಜು ಒಡೆಯಿತು. ಅವನು ಕಲಶದ ಮೇಲಿನ ಸರ ಕಿತ್ತ. ನಾನು ಚೀರಿದ್ದಕ್ಕೆ ಕಬ್ಬಿಣದ ಸಲಾಕೆಯಿಂದ ದವಡೆಗೆ ಬಾರಿಸಿದ. ಬಾಯ್ತುಂಬ ರಕ್ತ, ಎರಡು ಹಲ್ಲು ನಾಲಿಗೆಯ ಮೇಲೆ. ಜುಟ್ಟು ಹಿಡಿದು ಮಾಂಗಲ್ಯ ಎಳೆದಾಗ ಕತ್ತು ಸೀಳಿತು. ಇವರು ಬಂದೂಕು ಹಿಡಿದು ಮೆಟ್ಟಿಲ ಮೇಲಿಂದ ಕೂಗಿದರು. ಅವನು ನನ್ನನ್ನು ಬಿಟ್ಟು, ಸಲಾಕೆ ಎತ್ತಿ ಅವರತ್ತ ನುಗ್ಗಿದ. ಒಂದೇ ಗುಂಡು. ಅವನ ಭುಜದಿಂದ ಹೊರಬಿದ್ದ ರಕ್ತ ರಂಗೋಲಿಯ ಮೇಲೆ ಚಿಮ್ಮಿತು. ಗೋಡೆಯಲ್ಲಿ ಬೆರಳು ಹೋಗುವಷ್ಟು ತೂತು.

ಆಮೇಲೆ ಆ ತೂತಿನಿಂದ ನಿನ್ನ ಕೂಗು ಬಂತು.

ಕಳ್ಳ ಬದುಕಿದ. ನಾನು ಬೇಡಿದ್ದು ಅದನ್ನೇ.

ಆಸ್ಪತ್ರೆಯಲ್ಲಿ ಇವರು ನಿನ್ನ ಮಂಚದ ಪಕ್ಕ ನಿಂತು, "ತಪ್ಪು ಡಬ್ಬಿಯಿಂದ ತುಂಬಿಬಿಟ್ಟೆ ಅನ್ಸತ್ತಮ್ಮ," ಎಂದಾಗ ನಾನು ಅಲ್ಲೇ ಇದ್ದೆ. ದವಡೆಗೆ ತಂತಿ ಬಿಗಿದಿದ್ದರು, ಮಾತಾಡಲು ಆಗುತ್ತಿರಲಿಲ್ಲ — ಆದರೆ ಕೈ ಇತ್ತು, ಕಾಗದವಿತ್ತು. ಗುಂಡು ನಿನ್ನ ಎದೆಗೆ ಬೀಳಲಿಲ್ಲ, ನಿನ್ನ ಮಗು ಬೇಸಿಗೆ ಶಿಬಿರಕ್ಕೆ ಹೋಗಿತ್ತು, ಇವರು ಜೈಲಿಗೆ ಹೋಗಲಿಲ್ಲ — ಹೀಗೆ ಒಂದೊಂದಕ್ಕೂ ರಾಯರಿಗೆ ಕೈಮುಗಿದೆ. ನಿನ್ನ ಆ ಬಲಗೈಯಲ್ಲಿ ನೀನು ಮತ್ತೆ ಬ್ಲೌಸ್ ಕತ್ತರಿಸಲಿಲ್ಲ. ಇವರು ಇವತ್ತಿಗೂ ಮಾತ್ರೆಯ ಡಬ್ಬಿಯಿರಲಿ, ಉಪ್ಪಿನ ಡಬ್ಬಿಯಿರಲಿ, ಮೇಲಿನ ಹೆಸರನ್ನು ಎರಡು ಸಲ ಓದದೆ ಮುಚ್ಚಳ ತೆಗೆಯುವುದಿಲ್ಲ. ನಾನು ಅದನ್ನು ದಿನವೂ ನೋಡುತ್ತೇನೆ. ನೋಡಿ ಸುಮ್ಮನಿದ್ದೆ, ಇಷ್ಟು ವರ್ಷ.

ನಿನ್ನೆ ಇವರಿಗೆ ಹೇಳಿದೆ. ತಿಂಡಿ ತಿನ್ನುತ್ತಿದ್ದವರು ತಟ್ಟೆ ಸರಿಸಿದರು. ಆಮೇಲೆ, "ವಿಮಲಾಗೆ ನೀನೇ ಹೋಗಿ ಹೇಳು. ನಾನು ಬರಲ್ಲ," ಎಂದರು.

ಶನಿವಾರ, ನೀನು ಈಗಿರುವ ಪಾರ್ಸಿಪನಿ ಊರಿಗೆ, ನಿನ್ನ ಮನೆಗೆ, ಬಸ್ಸಿನಲ್ಲಿ ಬರುತ್ತಿದ್ದೇನೆ. ಕಾಗದವನ್ನು ಮೊದಲೇ ಕಳಿಸುತ್ತಿರುವುದು, ಬಾಗಿಲು ತೆಗೆಯಬೇಕೋ ಬೇಡವೋ ಎಂದು ನೀನು ಯೋಚಿಸಿಕೊಳ್ಳಲಿ ಎಂದು. ಬೇಡವೆನಿಸಿದರೆ ತೆಗೆಯಬೇಡ. ಮೆಟ್ಟಿಲ ಮೇಲೆ ನಿಂತೇ, ನಿನ್ನ ಅಕ್ಕಪಕ್ಕದವರಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿ, ವಾಪಸ್ ಹೋಗುತ್ತೇನೆ.