ಕಾಲುವೆ ಪಾಲಾದ ನಂಬರ್ ಪ್ಲೇಟ್

ಗೆಳೆಯರೇ, ಅಪಘಾತವಾದ ಜಾಗವನ್ನು ದಯವಿಟ್ಟು ಗುಡಿಸಬೇಡಿ.

ಇವತ್ತು ಮಧ್ಯಾಹ್ನ ಹುಣಸಗಿ ಹತ್ತಿರದ ಕಾಲುವೆ ರಸ್ತೆಯಲ್ಲಿ ಬಿಳಿ ಕಾರೊಂದು ನಮ್ಮ ಬಸಣ್ಣ ಕಾಕಾನ ಸೈಕಲ್ಲಿಗೆ ಗುದ್ದಿ, ನಿಲ್ಲದೆ ಹೋಯಿತು. ಕಾಕಾನ ಕಾಲು ಮುರಿದಿದೆ. ಕಾರಿನ ಒಡೆದ ದೀಪ, ಮುರಿದ ನಂಬರ್ ಪ್ಲೇಟ್ ಅಲ್ಲೇ ಬಿದ್ದಿದ್ದವು. ಫೋಟೊ ಆಮೇಲೆ ತೆಗೆದರಾಯಿತು, ಮೊದಲು ಕಾಕಾ ಎಂದುಕೊಂಡೆ. "ಪೊಲೀಸರು ಬರೋತನಕ ಯಾರೂ ಏನೂ ಮುಟ್ಟಬ್ಯಾಡ್ರಿ" ಎಂದು ಹೇಳಿ, ಅವನನ್ನು ಆಂಬುಲೆನ್ಸಿಗೆ ಹತ್ತಿಸಿದೆ.

ಆಸ್ಪತ್ರೆಗೆ ಬಿಟ್ಟು ತಿರುಗಿ ಬಂದರೆ ರಸ್ತೆ ಹಬ್ಬದ ಅಂಗಳದಂತೆ ಸ್ವಚ್ಛ. ನಡುವೆ ಕುಂಕುಮ ಹಚ್ಚಿದ ನಿಂಬೆಹಣ್ಣಿನ ಎರಡು ಹೋಳು. ಪಕ್ಕದ ಮೆಣಸಿನಕಾಯಿ ಹೊಲದ ಶರಣಮ್ಮ ಅತ್ತಿ ಕೈಯಲ್ಲಿ ಕಸಬರಿಗೆ.

"ಅತ್ತಿ, ಇಲ್ಲಿದ್ದ ಚೂರು ಎಲ್ಲಿ?"

"ಕಾಲುವಿಗೆ ಒಗದೆ. ಕೊಡೇಕಲ್ ಜಾತ್ರಿಗೆ ಬರಿಗಾಲಾಗ ನಡಕೊಂಡು ಹೋಗೋರು ಬರತಾರ. ಗಾಜು ಚುಚ್ಚೂದಿಲ್ಲೇನೋ?"

"ನಂಬರ್ ಪ್ಲೇಟೂ ಚುಚ್ಚತದೇನು?"

"ಎಲ್ಲಾ ಕೂಡೇ ಬಿದ್ದಿತ್ತು. ಆರಿಸಿಕೋತ ಕುಂದ್ರಲೇನು?"

ಪೊಲೀಸರು ಬಂದು ಕಾರಿನ ನಂಬರ್ ಕೇಳಿದರು. ಪ್ಲೇಟ್ ಬಿದ್ದದ್ದನ್ನು ಎಲ್ಲರೂ ಕಂಡಿದ್ದೆವು, ನಂಬರ್ ನೋಡಿದವರು ಒಬ್ಬರೂ ಇಲ್ಲ. ಕಾಕಾನ ತಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದ, "ಯಾವುದರೆ ಒಂದು ನಂಬರ್ ಹೇಳಿಬಿಡೋ. ಕೇಸರೆ ಆಗತದ."

"ನಾ ನೋಡಿಲ್ಲ. ಯಾರದರೆ ಕಾರಿನ ನಂಬರ್ ಹೆಂಗ ಹೇಳಲಿ?"

"ಹಿಂಗಿದ್ದದ್ದಕ್ಕ ನಿನಗ ಸಾಲಿ ತಲಿಗೆ ಹತ್ತಲಿಲ್ಲ ನೋಡು."

ಕಾಲುವೆ ಕೊನೆಯ ಹೊಲದವರೇ, ನೀರಿನ ಜೊತೆ ನಂಬರ್ ಪ್ಲೇಟಿನ ತುಂಡು ಬಂದರೆ ನೇರವಾಗಿ ಪೊಲೀಸರಿಗೆ ಕೊಡಿ. ನಮ್ಮೂರಿನವರ ಕೈಗೆ ಮಾತ್ರ ಕೊಡಬೇಡಿ, ಮತ್ತೆ ಗುಡಿಸುತ್ತಾರೆ.