ಓಬಕ್ಕನ ಕೋಲಿನ ಸದ್ದು

ದೆವ್ವ, ಭೂತ ಎಂದವರ ಬಾಯಿ ಮುಚ್ಚಿಸುತ್ತಿದ್ದವನು ನಾನು. ಚಳ್ಳಕೆರೆಯಲ್ಲಿದ್ದುಕೊಂಡು, ಸುತ್ತಲಿನ ಹಳ್ಳಿಗಳ ಕಣ್ಣಿಲ್ಲದವರಿಗೆ ಬಿಳಿಕೋಲು ಹಿಡಿದು ಒಬ್ಬರೇ ನಡೆಯುವುದನ್ನು ಕಲಿಸುವುದು ನನ್ನ ಕೆಲಸ. ಕಿವಿಯನ್ನು ನಂಬಿ ಎಂದು ಎಲ್ಲರಿಗೂ ಹೇಳುವ ನಾನೇ, ಕಿವಿಗೆ ಬಿದ್ದ ಒಂದು ಸದ್ದನ್ನು ಇವತ್ತಿಗೂ ಅರಗಿಸಿಕೊಂಡಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ ಕಡೆಯ ಒಂದು ಹಳ್ಳಿ. ಅಲ್ಲಿನ ಓಬಕ್ಕನಿಗೆ ಹುಟ್ಟಿನಿಂದ ಕಣ್ಣಿಲ್ಲ. ಯಾರ ಕೈಯನ್ನೂ ಹಿಡಿಯದೆ ಡೇರಿಗೆ ಹೋಗಿ ಹಾಲು ಹಾಕಿ ಬರಬೇಕೆಂಬುದು ಅವಳ ಆಸೆ. ಅಣ್ಣ ಪಾಲಯ್ಯನಿಗೆ ಮನಸ್ಸಿರಲಿಲ್ಲ.

"ಬಿದ್ದು ಸತ್ರೆ ಯಾರ್ರಿ ಜವಾಬ್ದಾರಿ?" ಎಂದು ಕೇಳಿದ್ದ. "ನಾನು" ಎಂದಿದ್ದೆ.

ಓಬಕ್ಕ ಮಹಾ ಹಟಮಾರಿ. ಕೋಲನ್ನು ಒಂದೊಂದೇ ಸಲ ಕುಟ್ಟು ಎಂದರೆ ಎರಡೆರಡು ಸಲ ಕುಟ್ಟುತ್ತಿದ್ದಳು. "ಒಂದೇಟು ನೆಲಕ್ಕೆ, ಒಂದೇಟು ನಮ್ಮಣ್ಣಗೆ ಸಾರ್" ಎಂದು ನಗುತ್ತಿದ್ದಳು.

ಕಲಿತವರನ್ನು ಒಬ್ಬರನ್ನೇ ಕಳಿಸುವ ಹಿಂದಿನ ದಿನ ನಾವು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆ ದಾರಿಯನ್ನು ನಡೆದು ನೋಡುತ್ತೇವೆ. ಹಾಗೆ ಒಂದು ಮಧ್ಯಾಹ್ನ ಡೇರಿಯ ಹತ್ತಿರ ಬಸ್ಸಿಳಿದು, ಕಣ್ಣು ಕಟ್ಟಿಕೊಂಡು ಅವಳ ಮನೆಯತ್ತ ಹೊರಟೆ. ಶೇಂಗಾ ಕೀಳುವ ಕಾಲ. ಎಲ್ಲರೂ ಹೊಲದಲ್ಲಿದ್ದರು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇದ್ದಂತಿರಲಿಲ್ಲ.

ಸ್ವಲ್ಪ ದೂರ ಹೋದಾಗ ಮುಂದೆ ಕೋಲಿನ ಸದ್ದು ಕೇಳಿತು. ಎರಡೆರಡು ಏಟು. ನನ್ನನ್ನು ಕರೆದೊಯ್ಯಲು ಬಂದಿದ್ದಾಳೆ ಎಂದುಕೊಂಡು ಕೂಗಿದೆ. ಸದ್ದು ಮುಂದೆ ಸಾಗುತ್ತಲೇ ಇತ್ತು. ನೇರ ಹೋಗಬೇಕಾದ ಕಡೆ ಸದ್ದು ಬಲಕ್ಕೆ ತಿರುಗಿತು, ಗೋಡೆಯ ಮಗ್ಗುಲಲ್ಲೇ ಸಾಗಿ ಮತ್ತೆ ದಾರಿಗೆ ಬಂತು. ಕಲಿಸಿದ್ದೆಲ್ಲ ನೀರಲ್ಲಿ ಹೋಮವಾಯಿತಲ್ಲ ಎಂದು ಗೊಣಗುತ್ತಲೇ ಹಿಂದೆ ಹೋದೆ. ಸದ್ದು ನಿಂತಿತು. ಬಟ್ಟೆ ಬಿಚ್ಚಿದೆ. ಎದುರಿಗೆ ಯಾರೂ ಇರಲಿಲ್ಲ.

ತಿರುಗಿ ನೋಡಿದೆ. ದಾರಿಗೆ ಅಡ್ಡಲಾಗಿ ಆಳದ ಗುಂಡಿ, ನಲ್ಲಿಯ ಪೈಪಿಗಾಗಿ ಹಿಂದಿನ ಸಂಜೆ ತೋಡಿದ್ದು. ಗೋಡೆಯ ಮಗ್ಗುಲಲ್ಲಿ ಮಾತ್ರ ಒಬ್ಬರು ಹೋಗುವಷ್ಟು ನೆಲ ಉಳಿದಿತ್ತು. ಅದರೊಳಗೆ ಓಬಕ್ಕ ಬಿದ್ದಿದ್ದಳು. ತಲೆ ಕಲ್ಲಿಗೆ ಬಡಿದಿತ್ತು. ಮುಟ್ಟಿದರೆ ಮೈ ಆಗಲೇ ತಣ್ಣಗಿತ್ತು. ಕೋಲು ಅವಳ ಮೈಯಡಿಯಲ್ಲಿತ್ತು, ಪಕ್ಕದಲ್ಲಿ ಹಾಲಿನ ಕ್ಯಾನು, ಖಾಲಿ. ನಾಳೆಯವರೆಗೆ ಕಾಯಲು ಅವಳಿಂದ ಆಗಿರಲಿಲ್ಲ. ಬೆಳಿಗ್ಗೆ ಒಬ್ಬಳೇ ಬಂದು ಹಾಲು ಹಾಕಿ, ನಗುನಗುತ್ತಾ ಹೋದಳೆಂದು ಡೇರಿಯವರು ಆಮೇಲೆ ಹೇಳಿದರು. ಹೋಗುವಾಗ ಹೇಗೋ ಗುಂಡಿ ದಾಟಿದವಳು ಬರುವಾಗ ಬಿದ್ದಿದ್ದಳು.

ಪಾಲಯ್ಯ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವನು ಕೇಳಿದ್ದು ಇಷ್ಟೇ: "ಕಣ್ಣು ಕಟ್ಕಂಡಿದ್ದೆ ಅಂತೀರ. ನೀವೆಂಗ್ ದಾಟಿದ್ರಿ ಸಾರ್?"

ಭ್ರಮೆ ಎನ್ನುತ್ತೀರಿ. ನಾನೂ ಹಾಗೆಂದುಕೊಂಡು ನೋಡಿದ್ದೇನೆ. ಆದರೆ ಅಲ್ಲಿ ಗುಂಡಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಪಾಲಯ್ಯ ಈಗಲೂ ಚಳ್ಳಕೆರೆ ಸಂತೆಯಲ್ಲಿ ಸಿಗುತ್ತಾನೆ, ನನ್ನ ಉತ್ತರಕ್ಕೆ ಕಾಯುವವನಂತೆ ಮುಖ ನೋಡುತ್ತಾ ನಿಲ್ಲುತ್ತಾನೆ. ನನ್ನನ್ನು ದಾಟಿಸಿದವಳು ನಿನ್ನ ತಂಗಿಯೇ ಎಂದು ಅವನಿಗೆ ಯಾವ ಬಾಯಲ್ಲಿ ಹೇಳಲಿ?