ಬ್ಯಾಡಗಿಯ ಬ್ಯಾರಿಟೋನ್

ಕೋವಿಡ್ ಹಾವಳಿ ತಗ್ಗಿ, ಮುಂದೂಡಿದ್ದ ಶಸ್ತ್ರಚಿಕಿತ್ಸೆಗಳಿಗೆಲ್ಲ ಜನ ಒಟ್ಟಿಗೇ ಬರತೊಡಗಿದ್ದ ವರ್ಷ ಅದು. ನಾನು ಹಾವೇರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ತಜ್ಞೆಯಾಗಿದ್ದೆ. ಮೆಣಸಿನಕಾಯಿ ಘಾಟಿಗೆ ವರ್ಷಗಟ್ಟಲೆ ಕೆಮ್ಮುವವರು, ಪಾಠ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡ ಮಾಸ್ತರರು, ಎಲೆ ಅಡಿಕೆ ತಂಬಾಕಿನಿಂದ ಬಾಯಿ ಹುಣ್ಣಾಗಿಸಿಕೊಂಡವರು ನನ್ನ ದಿನನಿತ್ಯದ ರೋಗಿಗಳು. ಈ ಜಿಲ್ಲೆಯ ಗಂಟಲುಗಳೆಲ್ಲ ನನಗೆ ಗೊತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದ ಕಾಲ.

ಆಗ ಬಂದವರು ಬ್ಯಾಡಗಿಯ ಶಿವಾನಂದ. ಐವತ್ತು ದಾಟಿದ ವಯಸ್ಸು. ಮನೆತನದ್ದು ಮೆಣಸಿನಕಾಯಿ ವ್ಯಾಪಾರ. ಆದರೆ ಇವರು ಬೆಟ್ಟದ ಊರೊಂದರ ವಸತಿ ಶಾಲೆಯಲ್ಲಿ ಬಹಳ ವರ್ಷ ಪಾಶ್ಚಾತ್ಯ ಗಾಯನ ಕಲಿಸಿ, ಅಣ್ಣ ತೀರಿಕೊಂಡ ಮೇಲೆ ಊರಿಗೆ ಮರಳಿ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಿದ್ದರು. ಜೊತೆಗಿದ್ದ ಹೆಂಡತಿ ಗ್ರೇಸ್ ರಾಣೇಬೆನ್ನೂರಿನವರು. ಅದೇ ಶಾಲೆಯಲ್ಲಿ ಪಿಯಾನೊ ಶಿಕ್ಷಕಿಯಾಗಿದ್ದವರು. ವರ್ಷಕ್ಕೊಮ್ಮೆ ಗಂಡ ಹೆಂಡತಿ ಸೇರಿ ರಾಣೇಬೆನ್ನೂರಿನಲ್ಲಿ ಕಛೇರಿ ನಡೆಸುತ್ತಿದ್ದರು. ಗಂಡ ಹಾಡುವುದು, ಹೆಂಡತಿ ಪಿಯಾನೊ ನುಡಿಸುವುದು. ಗಂಡಸರ ದನಿಗಳಲ್ಲಿ ತೀರಾ ಮೇಲೂ ಅಲ್ಲದ, ತೀರಾ ಕೆಳಗೂ ಅಲ್ಲದ ನಡುವಿನ ದನಿಗೆ ಬ್ಯಾರಿಟೋನ್ ಎನ್ನುತ್ತಾರೆಂದು ನನಗೆ ತಿಳಿದದ್ದೇ ಅಂದು.

ಕೊರಳಿನ ಗಂಟನ್ನು ಮೊದಲು ಕಂಡವರು ಗ್ರೇಸ್. ಪಿಯಾನೊ ಮುಂದೆ ಕುಳಿತವರಿಗೆ ಗಾಯಕನ ಕೊರಳು ಪಕ್ಕದಿಂದ ಕಾಣುತ್ತದೆ. ಹಾಡಿನ ನಡುವೆ ಶಿವಾನಂದ ಉಗುಳು ನುಂಗಿದಾಗ ಗಂಟಲಮಣಿಯ ಕೆಳಗೆ ಇನ್ನೊಂದು ಗಂಟು ಏರಿ ಇಳಿದದ್ದನ್ನು ಅವರು ನೋಡಿದ್ದರು.

ಸೂಜಿ ಪರೀಕ್ಷೆಯ ವರದಿ ಬಂತು: ಥೈರಾಯ್ಡ್ ಗ್ರಂಥಿಯ ಪ್ಯಾಪಿಲರಿ ಕ್ಯಾನ್ಸರ್. ಇದು ನಿಧಾನವಾಗಿ ಬೆಳೆಯುವ, ಬಹುಪಾಲು ಗುಣವಾಗುವ ಜಾತಿಯದು. ಆದರೆ ಧ್ವನಿತಂತುಗಳನ್ನು ಆಡಿಸುವ ನರ, ರಿಕರೆಂಟ್ ಲ್ಯಾರಿಂಜಿಯಲ್ ನರ್ವ್, ಈ ಗ್ರಂಥಿಯ ಬೆನ್ನಿಗೆ ಅಂಟಿಕೊಂಡೇ ಹಾದುಹೋಗುತ್ತದೆ. ದಪ್ಪ ದಾರದಷ್ಟೇ ಗಾತ್ರ. ಎಡಕ್ಕೊಂದು, ಬಲಕ್ಕೊಂದು. ಒಂದಕ್ಕೆ ಪೆಟ್ಟಾದರೂ ದನಿ ಒಡೆಯುತ್ತದೆ. ಸ್ಕ್ಯಾನಿನಲ್ಲಿ ಶಿವಾನಂದರ ಗಂಟು ಎಡ ನರ ಹಾಯುವ ಜಾಗಕ್ಕೇ ಒತ್ತಿಕೊಂಡು ಕೂತಿತ್ತು.

ಇದನ್ನೆಲ್ಲ ಚಿತ್ರ ಬರೆದು ವಿವರಿಸಿದೆ. ಹಾಡುಗಾರರು ಏನು ಕೇಳುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು, ಅಥವಾ ಹಾಗೆಂದುಕೊಂಡಿದ್ದೆ. ಶಿವಾನಂದ ಹೇಳಿದ್ದು ಬೇರೆ.

“ಮೇಡಂ, ದನಿ ಉಳಸಾಕ ಹೋಗಿ ಗಂಟು ಉಳಸಬ್ಯಾಡ್ರಿ. ನರ ತಗೀಬೇಕಂದ್ರ ತಗದುಬಿಡ್ರಿ.”

ಗ್ರೇಸ್ ತಟ್ಟನೆ ಎದ್ದು ನಿಂತರು. “ಇವರ ಮಾತು ಕೇಳಬ್ಯಾಡ್ರಿ ಮೇಡಂ. ಮುಂಜಾನೆ ಎದ್ದ ಕೂಡಲೆ ಚಾ ಕುಡಿಯೂಕಿಂತ ಮೊದಲ ದನಿ ತಗದು ನೋಡ್ಕೋತಾರ. ಅದು ಹೋದ್ರ ಇವರು ಹೆಂಗ ಬದುಕ್ತಾರ?”

“ನಾ ಹಾಡದಿದ್ರೂ ನಿನ್ನ ಕೂಡ ಇರತೇನಲ್ಲ, ಗ್ರೇಸ್.”

“ನೀವು ಹಾಡದ ಮನ್ಯಾಗ ನಾ ಹೆಂಗ ಇರಲಿ? ಅದನ್ನ ಯಾರರ ಕೇಳೀರೇನು?”

ಕ್ಯಾಮೆರಾ ಇಳಿಸಿ ಧ್ವನಿಪೆಟ್ಟಿಗೆ ನೋಡಿದೆ. ಎರಡೂ ತಂತುಗಳು ಚೆನ್ನಾಗಿ ಆಡುತ್ತಿದ್ದವು. ನರ ಇನ್ನೂ ಬದುಕಿತ್ತು. ಗಂಟು ನರಕ್ಕೆ ಅಂಟಿದ್ದರೆ ಬಿಡಿಸುತ್ತೇನೆ, ಒಳಗೇ ಹೊಕ್ಕಿದ್ದರೆ ಕತ್ತರಿಸುತ್ತೇನೆ ಎಂದೆ. ಇಬ್ಬರೂ ಒಪ್ಪಿದರು, ಇಬ್ಬರಿಗೂ ಸಮಾಧಾನವಾಗಲಿಲ್ಲ. ಆ ವರ್ಷದ ಕಛೇರಿ ಹತ್ತಿರದಲ್ಲೇ ಇತ್ತು. ಅದು ಮುಗಿಯುವ ತನಕ ಕಾಯಬಹುದೇ ಎಂದು ಶಿವಾನಂದ ಕೇಳಿದರು. ಈ ಜಾತಿಯ ಗಂಟಿಗೆ ಕೆಲವು ವಾರಗಳ ತಡದಿಂದ ಅಪಾಯವಿಲ್ಲ. ಆಗಲಿ ಎಂದೆ. ನಾನೂ ಬರುತ್ತೇನೆ ಎಂದೂ ಹೇಳಿದೆ.

ರಾಣೇಬೆನ್ನೂರಿನ ಹಳೆಯ ಶಾಲೆಯೊಂದರ ಹಾಲ್. ಪಿಯಾನೊ ಕಲಿಯುವ ಮಕ್ಕಳ ತಂದೆತಾಯಂದಿರು, ಚರ್ಚಿನ ಬಳಗ, ಬ್ಯಾಡಗಿಯಿಂದ ಬಂದ ದಲಾಲಿ ಅಂಗಡಿಯವರು. ಮೈಕ್ ಇರಲಿಲ್ಲ. ಹಾಡುಗಳು ಜರ್ಮನ್ ಭಾಷೆಯವು. ಪ್ರತಿ ಹಾಡಿಗೂ ಮೊದಲು ಶಿವಾನಂದ ನಮ್ಮ ಮಾತಿನಲ್ಲಿ ಅದರ ಅರ್ಥ ಹೇಳುತ್ತಿದ್ದರು. “ಇಂವ ಹೊಳಿ ದಂಡಿಗೆ ನಿಂತಾನ್ರಿ. ಆಕಡೆ ದಂಡ್ಯಾಗಿರೋ ತನ್ನವರನ್ನ ಕರೀತಾನ. ಉತ್ತರ ಬರಂಗಿಲ್ಲ. ಹೊಳಿ ಅಷ್ಟ ಮಾತಾಡ್ತೈತಿ, ಪಿಯಾನೊದಾಗ ಕೇಳ್ರಿ.” ಆಮೇಲೆ ಹಾಡುತ್ತಿದ್ದರು. ಭಾಷೆ ತಿಳಿಯದ ನನಗೂ ಆ ಮನುಷ್ಯ ಯಾರನ್ನು ಕರೆಯುತ್ತಿದ್ದಾನೆಂದು ತಿಳಿಯಿತು. ಎದೆಯಿಂದ ಎದ್ದ ದನಿ ಹಾಲಿನ ಹಿಂದಿನ ಗೋಡೆಯವರೆಗೆ ತುಂಬಿಕೊಳ್ಳುತ್ತಿತ್ತು. ನಾನು ಮಾತ್ರ ಅವರ ಮುಖ ನೋಡಲಾಗದೆ ಕೊರಳನ್ನೇ ನೋಡುತ್ತಾ ಕುಳಿತಿದ್ದೆ. ನಾಲ್ಕು ದಿನ ಬಿಟ್ಟು ಅಲ್ಲಿ ಕತ್ತಿ ಇಡಬೇಕಾದವಳು ನಾನು.

ಕೊನೆಯ ಹಾಡಿನಲ್ಲಿ ಮಾತು ಮುಗಿದ ಮೇಲೂ ಪಿಯಾನೊ ಒಂದಷ್ಟು ಹೊತ್ತು ನುಡಿಯುತ್ತದೆ. ಶಿವಾನಂದ ಬಾಯಿ ಮುಚ್ಚಿ, ಕೈ ಇಳಿಬಿಟ್ಟು ನಿಂತಿದ್ದರು. ಗ್ರೇಸ್ ಒಂದೊಂದು ಸ್ವರವನ್ನೂ ತಡೆದು ತಡೆದು ನುಡಿಸಿದರು, ಮುಗಿಸಲು ಮನಸ್ಸಿಲ್ಲದವರ ಹಾಗೆ. ಆ ಹಾಲಿನಲ್ಲಿ ಗಂಟಿನ ಸುದ್ದಿ ನಮ್ಮ ಮೂವರ ಹೊರತು ಯಾರಿಗೂ ಗೊತ್ತಿರಲಿಲ್ಲ. ಆದರೂ ಚಪ್ಪಾಳೆ ಬೀಳಲು ಬಹಳ ಹೊತ್ತಾಯಿತು.

ಶಸ್ತ್ರಚಿಕಿತ್ಸೆಗೆ ಹುಬ್ಬಳ್ಳಿಯಿಂದ ನರ್ವ್ ಮಾನಿಟರ್ ತರಿಸಿದ್ದೆ. ನರವನ್ನು ಮುಟ್ಟಿದಾಗ ಅದು ಕೆಲಸ ಮಾಡುತ್ತಿದೆಯೇ ಎಂದು ಸದ್ದಿನಿಂದ ತಿಳಿಸುವ ಯಂತ್ರ. ಇಡೀ ಗ್ರಂಥಿಯನ್ನೇ ತೆಗೆಯಬೇಕಿತ್ತು. ಬಲಭಾಗ ಸಲೀಸಾಗಿ ಮುಗಿಯಿತು. ಎಡಕ್ಕೆ ಬಂದಾಗ ನಾನು ಹೆದರಿದಂತೆಯೇ ಇತ್ತು: ಗಂಟು ನರವನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. ಎದುರು ನಿಂತಿದ್ದ ಸಹೋದ್ಯೋಗಿ ಮೆಲ್ಲಗೆ, “ಕತ್ತರಿಸೂದು ಛಲೋ ಅಲ್ಲೇನ್ರಿ ಮೇಡಂ? ಅವರೇ ಹಂಗ ಹೇಳ್ಯಾರಲ್ಲ,” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನರದ ಹೊದಿಕೆ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಗಂಟು ಒಳಗೆ ಹೊಕ್ಕಿರಲಿಲ್ಲ. ಕೂದಲಿನಷ್ಟು ಕೂದಲಿನಷ್ಟೇ ಬಿಡಿಸುತ್ತಾ ಹೋದೆ. ಕೊನೆಯ ಚೂರು ಬಿಟ್ಟುಕೊಂಡಿತು. ನರವನ್ನು ಮುಟ್ಟಿ ನೋಡಿದೆ. ಯಂತ್ರ ಸದ್ದು ಮಾಡಲಿಲ್ಲ. ಮತ್ತೆ ಮುಟ್ಟಿದೆ. ಇಲ್ಲ. ಕಣ್ಣಿಗೆ ನರ ಇಡಿಯಾಗಿತ್ತು, ಆದರೆ ಕೆಲಸ ಮಾಡುತ್ತಿರಲಿಲ್ಲ.

ಮರುದಿನ ಶಿವಾನಂದರ ಬಾಯಿಂದ ಬಂದದ್ದು ಬರೀ ಗಾಳಿ. ನೀರು ಕುಡಿದರೆ ಕೆಮ್ಮು. ನರ ಕಡಿದಿಲ್ಲ, ಚೇತರಿಸಿಕೊಳ್ಳಬಹುದು, ತಿಂಗಳುಗಳೇ ಬೇಕು ಎಂದು ಹೇಳಿದೆ. ಅವರು ನನ್ನ ಕೈ ಹಿಡಿದು, “ನೀವು ಹೇಳಿದ್ದನ್ನ ಮಾಡೀರಿ,” ಎಂದು ಪಿಸುಗುಟ್ಟಿದರು. ಗ್ರೇಸ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಆಮೇಲೆ ಶಿವಾನಂದ, ಉಳಿದಿರಬಹುದಾದ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ರೇಡಿಯೋ ಅಯೋಡಿನ್ ಚಿಕಿತ್ಸೆಗೆ ದೊಡ್ಡ ಊರಿಗೆ ಹೋಗಿಬಂದರು. ವಾರವಾರ ಸ್ಪೀಚ್ ಥೆರಪಿಗೆ ಹಾವೇರಿಗೆ ಬಂದರು. ಅಷ್ಟೂ ದಿನ ಮನೆಯಲ್ಲಿ ಗ್ರೇಸ್ ಪಿಯಾನೊದ ಮುಚ್ಚಳ ತೆರೆಯಲಿಲ್ಲವೆಂದು ಶಿವಾನಂದರೇ ಒಮ್ಮೆ ಹೇಳಿದರು.

ವರ್ಷ ತುಂಬುವ ಹೊತ್ತಿಗೆ ಕ್ಯಾನ್ಸರಿನ ಸುಳಿವು ಉಳಿದಿರಲಿಲ್ಲ. ಎಡ ತಂತು ಆಡುತ್ತಿತ್ತು, ಆದರೆ ಪೂರ್ತಿಯಾಗಿ ಅಲ್ಲ. ಮಾತು ಮರಳಿತ್ತು. ಹಾಡು ಮರಳಲಿಲ್ಲ. ಉದ್ದನೆಯ ಸಾಲಿಗೆ ಉಸಿರು ಸಾಲುತ್ತಿರಲಿಲ್ಲ, ಮೇಲಿನ ಸ್ವರಗಳು ಒಡೆಯುತ್ತಿದ್ದವು. ಇನ್ನು ಇದಕ್ಕಿಂತ ಹೆಚ್ಚು ಸುಧಾರಿಸಲಿಕ್ಕಿಲ್ಲ ಎಂದು ನಾನು ಹೇಳಿದಾಗ ಗ್ರೇಸ್ ನೇರವಾಗಿ ಕೇಳಿದರು.

“ಅವತ್ತು ಯಾರ ಮಾತು ಕೇಳಿದ್ರಿ ಮೇಡಂ? ನಂದೋ, ಇವರದೋ?”

“ಇಬ್ಬರದೂ ಪೂರಾ ನಡಸಾಕ ಆಗಲಿಲ್ಲ ನನಗ,” ಎಂದೆ. ಅದು ನಿಜವಾಗಿತ್ತು.

ಗ್ರೇಸ್ ಗಂಡನನ್ನೊಮ್ಮೆ ನೋಡಿದರು. ಆಮೇಲೆ, “ಹೋಗಲಿ ಬಿಡ್ರಿ. ನನ್ನ ಕೂಡ ಜಗಳಾಡಾಕ ಸಾಕಾಗುವಷ್ಟು ದನಿ ಐತಿ,” ಎಂದರು. ಶಿವಾನಂದ ನಕ್ಕರು. ಅರ್ಧ ನಗು, ಅರ್ಧ ಗಾಳಿ. ಗ್ರೇಸ್ ಅಳುತ್ತಿದ್ದರು.

ಕಛೇರಿ ಈಗಲೂ ನಡೆಯುತ್ತದೆ. ಹಾಡಲು ಧಾರವಾಡದಿಂದ ಬೇರೆ ಗಾಯಕರು ಬರುತ್ತಾರೆ, ಗ್ರೇಸ್ ನುಡಿಸುತ್ತಾರೆ. ಶಿವಾನಂದ ಅರ್ಥ ಹೇಳಿ, ಮೊದಲ ಸಾಲಿನಲ್ಲಿ ಬಂದು ಕುಳಿತುಕೊಳ್ಳುತ್ತಾರೆ.

ಆ ತನಕ ಕೊರಳಿನ ಶಸ್ತ್ರಚಿಕಿತ್ಸೆಗೆ ಬರುವವರಿಗೆ ದನಿಯ ಅಪಾಯವನ್ನು ಎರಡು ವಾಕ್ಯದಲ್ಲಿ ಹೇಳಿ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಹಾಡುಗಾರರೆಂದು ತಿಳಿದಿದ್ದರಿಂದ ಮಾತ್ರ ಶಿವಾನಂದರ ಜೊತೆ ಅಷ್ಟು ಹೊತ್ತು ಕುಳಿತಿದ್ದೆ, ಕಛೇರಿಗೂ ಹೋಗಿದ್ದೆ. ಈಗ ಎಲ್ಲರನ್ನೂ ಕೇಳುತ್ತೇನೆ, ಮನೆಯವರನ್ನೂ ಕೂರಿಸಿಕೊಂಡು ಕೇಳುತ್ತೇನೆ. ಈಚೆಗೆ ಗುತ್ತಲದಿಂದ ಒಬ್ಬ ಹೆಣ್ಣುಮಗಳು ಅಂಥದೇ ಗಂಟು ತೋರಿಸಲು ಬಂದಿದ್ದಳು. ದನಿಯಿಂದ ನಿನಗೇನು ಕೆಲಸ ಎಂದು ಕೇಳಿದೆ. ಪ್ರಶ್ನೆಯೇ ವಿಚಿತ್ರವೆನ್ನಿಸಿ ಮೊದಲು ನಕ್ಕಳು.

“ನಾ ಏನ್ ಹಾಡಾಕಿ ಅಲ್ರಿ, ಡಾಕ್ಟರ ಬಾಯಾರ,” ಎಂದಳು. ಆಮೇಲೆ ತಾನೇ ಹೇಳಿದಳು: “ನಮ್ಮ ಅತ್ತಿಯವರಿಗೆ ಕಣ್ಣು ಕಾಣಂಗಿಲ್ಲ. ನನ್ನ ದನಿ ಹಿಡಕೊಂಡ ಮನ್ಯಾಗ ಅಡ್ಡಾಡ್ತಾರ.”